ಅರ್ಜಿ ಹಿಡಿದ ಜನ, ಹೆಸರಾದ ನಾಯಕ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಒಂದಕ್ಕೊಂದು ತಾಗಿಕೊಂಡಿದ್ದು, ಶಿಕಾರಿಪುರ ತಾಲ್ಲೂಕಿಗೆ ಸೇರಿದ ತೊಗರ್ಸಿಯಿಂದ ಸೊರಬದ ಎಲ್ಲೆ ಹೆಚ್ಚು ದೂರವಿಲ್ಲ. ಕೆರೆ ಕೆಳಗಿನ ಭತ್ತದ ಗದ್ದೆ, ಕಾಡಂಚಿನ ಬಗರ್‌ಹುಕುಂ ಹೊಲದ ಮೆಕ್ಕೆಜೋಳ, ಈಚೆಗೆ ಎದ್ದ ಅಡಿಕೆ ತೋಟ, ಇವೆಲ್ಲ ಅಕ್ಕಪಕ್ಕದಲ್ಲೇ ಇರುವ ಈ ಅರೆಮಲೆನಾಡಿನ ಸೀಮೆ ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿದೆ: ಸಮಾಜವಾದಿ ಗರಡಿಯಲ್ಲಿ ಬೆಳೆದ ಕುಬಟೂರಿನ ಎಸ್. ಬಂಗಾರಪ್ಪ ಮತ್ತು ರಾಷ್ಟ್ರೀಯ ಸ್ವಯಂಸೇವಕ ಸಂಘದ ಶಾಖೆಯಿಂದ ಬಂದ ಬಿ.ಎಸ್. ಯಡಿಯೂರಪ್ಪ. ಸಿದ್ಧಾಂತದಲ್ಲಿ ಎದುರುಬದುರಾಗಿದ್ದ ಈ ಇಬ್ಬರೂ ಜನರನ್ನು ಕಟ್ಟಿದ ರೀತಿ, ಪಕ್ಷದೊಡನೆ ಮುನಿಸಿಕೊಂಡ ರೀತಿ, ಕೊನೆಗೆ ತಮ್ಮ ಹೆಸರನ್ನೇ ಪಕ್ಷವಾಗಿಸಲು ಹೊರಟ ರೀತಿ ಎಷ್ಟು ಒಂದೇ ತೆರನಾಗಿದೆಯೆಂದರೆ, ಎಡ ಮತ್ತು ಬಲ ಎಂಬ ಅಳತೆಗೋಲು ಇಲ್ಲಿ ಅರ್ಧ ದಾರಿಗೇ ನಿಂತುಬಿಡುತ್ತದೆ. ಉಳಿದರ್ಧವನ್ನು ಅರಿಯಲು ರಾಜಕೀಯ ಸಿದ್ಧಾಂತಿಗಳು ಪಾಪ್ಯುಲಿಸಂ ಎಂದು ಕರೆಯುವ ಜನಪ್ರಿಯವಾದದ ಚರ್ಚೆ ನೆರವಿಗೆ ಬರುತ್ತದೆ.

ಬಜೆಟ್ ಮಂಡನೆಯಾದ ಮರುದಿನ ಉಚಿತ ಅಕ್ಕಿ, ಸಾಲ ಮನ್ನಾಗಳನ್ನು ಕುರಿತು ಬರೆಯುವವರು ಜನಪ್ರಿಯತೆಯನ್ನು ಖಜಾನೆಯ ಲೆಕ್ಕದಲ್ಲಿ ಅಳೆಯುತ್ತಾರೆ. ಸಿದ್ಧಾಂತದ ಚರ್ಚೆಗೆ ಅದು ಬಾಗಿಲಷ್ಟೇ. ಡಚ್ ವಿದ್ವಾಂಸ ಕಾಸ್ ಮುಡ್ಡೆ 2004ರಲ್ಲಿ ಮುಂದಿಟ್ಟು ಈಗ ವ್ಯಾಪಕವಾಗಿ ಬಳಕೆಯಲ್ಲಿರುವ ವ್ಯಾಖ್ಯೆಯ ಪ್ರಕಾರ, ಸಮಾಜವನ್ನು ಶುದ್ಧರಾದ ಜನ ಮತ್ತು ಭ್ರಷ್ಟರಾದ ಮೇಲಿನವರು ಎಂದು ಎರಡಾಗಿ ಸೀಳಿ, ರಾಜಕಾರಣವೆಂದರೆ ಈ ಜನರ ಒಟ್ಟು ಇಚ್ಛೆಯೇ ಎಂದು ಹೇಳುವ ತೆಳು ಸಿದ್ಧಾಂತವೇ ಜನಪ್ರಿಯವಾದ. ತೆಳು ಏಕೆಂದರೆ ಅದಕ್ಕೆ ಸ್ವಂತದ ಆರ್ಥಿಕ ಅಥವಾ ಸಾಮಾಜಿಕ ಕಾರ್ಯಕ್ರಮವಿರುವುದಿಲ್ಲ, ಸಮಾಜವಾದಕ್ಕೋ ರಾಷ್ಟ್ರವಾದಕ್ಕೋ ಅದು ಅಂಟಿಕೊಂಡೇ ಬದುಕಬೇಕು. ಜರ್ಮನ್ ಚಿಂತಕ ಯಾನ್-ವೆರ್ನರ್ ಮ್ಯುಲ್ಲರ್ ಇದಕ್ಕೆ ಇನ್ನೊಂದು ಗುರುತು ಸೇರಿಸುತ್ತಾರೆ. ಮೇಲಿನವರನ್ನು ಟೀಕಿಸಿದ ಮಾತ್ರಕ್ಕೆ ಯಾರೂ ಜನಪ್ರಿಯವಾದಿಯಾಗುವುದಿಲ್ಲ, ನಿಜವಾದ ಜನರ ಪ್ರತಿನಿಧಿ ತಾನೊಬ್ಬನೇ ಎಂದು ಹೇಳಿಕೊಂಡಾಗ, ಅಂದರೆ ತನ್ನನ್ನು ಒಪ್ಪದವರು ಜನರೇ ಅಲ್ಲ ಎಂದಾಗ ಆಗುತ್ತಾನೆ ಎಂಬುದು ಅವರ ವಾದ. ಈ ನೋಟದಲ್ಲಿ ಜನಪ್ರಿಯವಾದ ಪ್ರಜಾಪ್ರಭುತ್ವದ ನೆರಳಿನಂತೆ ಅದರ ಹಿಂದೆಯೇ ಬರುವ ಅಪಾಯ.

ಅರ್ಜೆಂಟೀನಾದಲ್ಲಿ ಹುಟ್ಟಿ, ಪೆರೋನ್‌ನ ಸುತ್ತ ಎದ್ದ ಚಳವಳಿಯನ್ನು ಹತ್ತಿರದಿಂದ ಕಂಡಿದ್ದ ಎರ್ನೆಸ್ಟೊ ಲಕ್ಲಾವ್ ಇದಕ್ಕೆ ವಿರುದ್ಧ ದಿಕ್ಕಿನಿಂದ ಹೊರಟರು. ಜನ ಎಂಬುದು ಮೊದಲೇ ಸಿದ್ಧವಾಗಿ ಎಲ್ಲೋ ಕಾದು ಕುಳಿತಿರುವುದಿಲ್ಲ, ಅದನ್ನು ಕಟ್ಟಬೇಕಾಗುತ್ತದೆ ಎಂಬುದು 2005ರ ಅವರ ಪುಸ್ತಕದ ತಿರುಳು. ಒಬ್ಬನಿಗೆ ನೀರು ಬೇಕು, ಇನ್ನೊಬ್ಬನಿಗೆ ಗೇಣಿ ಇಳಿಯಬೇಕು, ಮತ್ತೊಬ್ಬಳಿಗೆ ಮನೆ ಬೇಕು. ಈ ಬೇಡಿಕೆಗಳನ್ನು ಆಡಳಿತ ಒಂದೊಂದಾಗಿ ಈಡೇರಿಸಿದರೆ ಅವು ಬಿಡಿಬಿಡಿಯಾಗಿಯೇ ಮುಗಿದುಹೋಗುತ್ತವೆ, ಈಡೇರಿಸದಿದ್ದರೆ ಎಲ್ಲರೂ ಒಂದೇ ಬಾಗಿಲಲ್ಲಿ ನಿಂತವರೆಂಬ ಅರಿವು ಮೂಡಿ ಬೇಡಿಕೆಗಳು ಸರಪಳಿಯಾಗುತ್ತವೆ. ಆ ಸರಪಳಿಗೆ ಒಂದು ಹೆಸರು ಬೇಕಾಗುತ್ತದೆ. ಆ ಹೆಸರು ಒಂದು ಘೋಷಣೆಯಾಗಿರಬಹುದು, ಒಂದು ಬಣ್ಣವಾಗಿರಬಹುದು, ಬಹಳ ಸಲ ಒಬ್ಬ ನಾಯಕನೇ ಆಗಿರುತ್ತಾನೆ; ಎಲ್ಲ ಬೇಡಿಕೆಗಳಿಗೂ ಹೊಂದಿಕೊಳ್ಳಬೇಕಾದ ಕಾರಣ ಅದು ತನ್ನದೇ ನಿಶ್ಚಿತ ಅರ್ಥವನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ಲಕ್ಲಾವ್ ಅದನ್ನು ಖಾಲಿ ಸಂಕೇತ ಎಂದರು.

ಶಿಕಾರಿಪುರ–ಸೊರಬ ಸೀಮೆಯಲ್ಲಿ ಈ ಸರಪಳಿಯ ಮೊದಲ ಕೊಂಡಿ ನೆರೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಬಿತ್ತು. 1951ರ ಕಾಗೋಡು ಸತ್ಯಾಗ್ರಹದ ತಕ್ಷಣದ ಕಾರಣ ಕೊಳಗ. ಗೇಣಿ ಭತ್ತವನ್ನು ಅಳೆಯುವ ಈ ಮಾನದ ಗಾತ್ರ ಭೂಮಾಲೀಕನ ಅಂಗಳದಲ್ಲಿ ಹಿಗ್ಗುತ್ತಿತ್ತು, ಅಂದರೆ ಒಪ್ಪಂದದ ಲೆಕ್ಕ ಅಷ್ಟೇ ಇದ್ದರೂ ರಾಶಿಯಿಂದ ಹೋಗುವ ಭತ್ತ ಹೆಚ್ಚುತ್ತಿತ್ತು. ದೀವರ ಗೇಣಿದಾರರನ್ನು ಎಚ್. ಗಣಪತಿಯಪ್ಪ ಸಂಘಟಿಸಿದರು, ಶಾಂತವೇರಿ ಗೋಪಾಲಗೌಡ ಮತ್ತು ಸಮಾಜವಾದಿ ಪಕ್ಷ ಅವರ ಜೊತೆ ನಿಂತವು, ಬೆಂಬಲಿಸಲು ಬಂದ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಗಮನಿಸಬೇಕಾದದ್ದು ಬೇಡಿಕೆಯ ಸಣ್ಣತನವನ್ನು: ಭೂಮಿ ನಮ್ಮದಾಗಲಿ ಎಂದು ಆರಂಭದಲ್ಲಿ ಯಾರೂ ಕೇಳಿರಲಿಲ್ಲ, ಅಳತೆ ಸರಿಯಾಗಿರಲಿ ಎಂದಷ್ಟೇ ಕೇಳಿದ್ದರು. ಅದೂ ಸಿಗದೆಹೋದ ಮೇಲೆ ಹೊಲಕ್ಕಿಳಿದು ಉತ್ತರು, ಜೈಲು ತುಂಬಿದರು, ಆ ಹೊತ್ತಿಗೆ ಉಳುವವನೇ ಹೊಲದೊಡೆಯ ಎಂಬ ಘೋಷಣೆ ಕೊಳಗದ ತಕರಾರನ್ನು ನುಂಗಿಹಾಕಿತ್ತು. ಗೋಪಾಲಗೌಡರು ಮರುವರ್ಷವೇ ಶಾಸಕರಾದರು. ಒಂದು ಜಾತಿಯ ಗೇಣಿದಾರರ ಜಗಳ ನಾಡಿನ ಎಲ್ಲ ಗೇಣಿದಾರರ ಹೆಸರಿನಲ್ಲಿ ವಿಧಾನಸಭೆಯ ಒಳಗೆ ಹೋದ ಬಗೆ ಇದು.

ಆ ಹೆಸರು ಕಾನೂನಾಗಲು ಎರಡು ದಶಕ ಬೇಕಾಯಿತು. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿ ಜಮೀನುಗಳೆಲ್ಲ ಸರ್ಕಾರದ ವಶಕ್ಕೆ ಬಂದವೆಂದು ಸಾರಿತು. ಆ ಜಮೀನು ತನ್ನ ಹೆಸರಿಗಾಗಬೇಕೆಂದರೆ ಗೇಣಿದಾರ ಫಾರಂ ನಂಬರ್ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಜೊತೆ ಸರ್ಕಾರ ನೇಮಿಸಿದ ಸ್ಥಳೀಯ ಸದಸ್ಯರಿದ್ದು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವೂ ಇರಲಿಲ್ಲ. ಮಲೆನಾಡಿನ ಹಳ್ಳಿಗಳಲ್ಲಿ ಅಂದು ಅರ್ಜಿ ಹಾಕುವುದೆಂದರೆ, ಹಿಂದಿನ ದಿನದವರೆಗೆ ಯಾರ ಜಗಲಿಯ ಕೆಳಗೆ ನಿಂತು ಮಾತಾಡಬೇಕಿತ್ತೋ ಆ ಒಡೆಯನನ್ನು ಪ್ರತಿವಾದಿಯೆಂದು ಕಾಗದದ ಮೇಲೆ ಬರೆಯಿಸುವುದು. ಹಾಕದೇ ಉಳಿದವರು, ಹಾಕಿ ಹಿಂತೆಗೆದುಕೊಂಡವರು ಇದ್ದೇ ಇದ್ದರು. ಹಾಕಿದವರ ಮಟ್ಟಿಗೆ ಮಾತ್ರ ಪೌರತ್ವ ಎಂಬ ದೊಡ್ಡ ಕಲ್ಪನೆ ಮೊದಲು ಕೈಗೆ ಸಿಕ್ಕಿದ್ದು ಮತಪತ್ರಕ್ಕಿಂತ ಹೆಚ್ಚಾಗಿ ಈ ಫಾರಂ ಮೂಲಕವೇ ಎಂದರೆ ಅತಿಶಯೋಕ್ತಿಯಾಗದು. ಪ್ರಜಾಪ್ರಭುತ್ವದ ಸಿದ್ಧಾಂತ ಗ್ರಂಥಗಳು ಮತಪೆಟ್ಟಿಗೆಗೆ ಕೊಡುವ ಪುಟಗಳಲ್ಲಿ ಕಾಲುಭಾಗವನ್ನೂ ಅರ್ಜಿಗೆ ಕೊಡದಿರುವುದು ವಿಚಿತ್ರ.

ಬಂಗಾರಪ್ಪನವರು ಕಾಗೋಡಿನ ಈ ಚಳವಳಿಯ ಕೂಸು. ವಕೀಲರಾಗಿದ್ದ ಅವರು 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಸೊರಬವನ್ನು ಗೆದ್ದು, 1994ರವರೆಗೆ ಸತತ ಏಳು ಬಾರಿ ಅಲ್ಲಿಂದಲೇ ಆರಿಸಿ ಬಂದರು. ಸೋಲಿಲ್ಲದ ಸರದಾರ ಎಂಬ ಬಿರುದು ಅಂಟಿಕೊಂಡದ್ದು ಹೀಗೆ. 1990ರ ಅಕ್ಟೋಬರ್‌ನಿಂದ 1992ರ ನವೆಂಬರ್‌ವರೆಗೆ ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾಗಿದ್ದ ಎರಡೇ ವರ್ಷಗಳಲ್ಲಿ ಬಡವರ ಮನೆಗೆ ಆಶ್ರಯ, ಹಳ್ಳಿಯ ಗುಡಿಗಳಿಗೆ ಆರಾಧನಾ, ಗ್ರಾಮೀಣ ಕಸುಬುಗಳಿಗೆ ವಿಶ್ವ, ಸರ್ಕಾರಿ ನೇಮಕಾತಿಯಲ್ಲಿ ಹಳ್ಳಿಯ ಮಕ್ಕಳಿಗೆ ಗ್ರಾಮೀಣ ಕೃಪಾಂಕ, ಹತ್ತು ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್ ಎಂದು ಒಂದರ ಮೇಲೊಂದು ಯೋಜನೆ ಬಂದವು. ಇವುಗಳಲ್ಲಿ ಸಿದ್ಧಾಂತದ ಕಣ್ಣಿಗೆ ಹೆಚ್ಚು ಕುತೂಹಲಕಾರಿಯಾದದ್ದು ಆರಾಧನಾ. ಹಿಂದುಳಿದವರ ಮತ್ತು ದಲಿತರ ಕೇರಿಗಳ ಚಿಕ್ಕ ಗುಡಿಗಳಿಗೆ ಸರ್ಕಾರದ ಹಣ ಹೋಗುವಂತೆ ಮಾಡಿದ ಆ ಯೋಜನೆ, ಮುಂದೆ ಹಿಂದುತ್ವದ ರಾಜಕಾರಣ ಒಂದೇ ದೊಡ್ಡ ಗುಡಿಯ ಸುತ್ತ ಕಟ್ಟಿದ ಜನಕ್ಕಿಂತ ಬೇರೆಯೇ ಆದ, ಊರೂರ ದೈವಗಳ ಜನವನ್ನು ಊಹಿಸಿಕೊಂಡಿತ್ತು. ಲೋಹಿಯಾವಾದಿಯೊಬ್ಬ ದೇವರನ್ನು ಬಿಟ್ಟುಕೊಡದೆ ರಾಜಕಾರಣ ಮಾಡಿದ ಅಪರೂಪದ ಉದಾಹರಣೆಯಾಗಿ ಅದಕ್ಕೆ ಸಲ್ಲಬೇಕಾದ ಗಮನ ಇನ್ನೂ ಸಂದಿಲ್ಲ.

ಅದೇ ಎರಡು ವರ್ಷಗಳಲ್ಲಿ ಸರಪಳಿಯ ಇನ್ನೊಂದು ಮುಖವೂ ಕಂಡಿತು. ಕಾವೇರಿ ನ್ಯಾಯಮಂಡಳಿ 1991ರ ಜೂನ್ 25ರಂದು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ಅಡಿ ನೀರು ಹರಿಸುವಂತೆ ಮಧ್ಯಂತರ ಆದೇಶ ಕೊಟ್ಟಾಗ, ಬಂಗಾರಪ್ಪ ಸರ್ಕಾರ ಸರಿಯಾಗಿ ಒಂದು ತಿಂಗಳಿಗೆ ಸುಗ್ರೀವಾಜ್ಞೆ ಹೊರಡಿಸಿ ಆ ಆದೇಶವನ್ನು ನಿರರ್ಥಕಗೊಳಿಸಲು ನೋಡಿತು. ನವೆಂಬರ್ 22ರಂದು ಸುಪ್ರೀಂ ಕೋರ್ಟ್ ಆ ಸುಗ್ರೀವಾಜ್ಞೆ ಸಂವಿಧಾನಬಾಹಿರ ಎಂದಿತು. ಸೊರಬದ ನೆಲದಲ್ಲಿ ಹರಿಯುವುದು ವರದೆ ಮತ್ತು ದಂಡಾವತಿ, ಕಾವೇರಿಯ ಒಂದು ಹನಿಯೂ ಅಲ್ಲಿಗೆ ಬರುವುದಿಲ್ಲ. ಆದರೂ ಸೊರಬದ ನಾಯಕ ನಾಡಿನ ನಾಯಕನಾದದ್ದು ಆ ನದಿಯ ಹೆಸರಿನಲ್ಲಿ, ಮತ್ತು ಅಲ್ಲಿಯವರೆಗೆ ಒಡೆಯನ ಎದುರು ನಿಂತಿದ್ದ ಗೇಣಿದಾರರ ಸಾಲು ಈಗ ನೆರೆರಾಜ್ಯದ ಎದುರು ನಿಂತ ಕನ್ನಡಿಗರ ಸಾಲಾಗಿ ಹಿಗ್ಗಿತು. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ಟು ತಿಂದವರು ಬಹುಪಾಲು ಬಡ ತಮಿಳು ಕೂಲಿಕಾರರು, ಅಂದರೆ ಆಶ್ರಯ ಯೋಜನೆಯ ಕಣ್ಣಿನಲ್ಲಿ ಜನರೇ ಆಗಿದ್ದವರು. ಲಕ್ಲಾವ್ ಹೇಳುವಂತೆ ಜನವನ್ನು ಕಟ್ಟಲು ಒಂದು ಎಲ್ಲೆಗೆರೆ ಬೇಕೇ ಬೇಕು ಎಂದಾದರೆ, ಆ ಗೆರೆ ಮೇಲಿನವನಿಗೂ ಕೆಳಗಿನವನಿಗೂ ನಡುವೆ ಅಡ್ಡಲಾಗಿ ಬೀಳುತ್ತದೋ, ಕೆಳಗಿನವರ ಮಧ್ಯೆಯೇ ಉದ್ದಕ್ಕೆ ಬೀಳುತ್ತದೋ ಎಂಬ ಪ್ರಶ್ನೆಗೆ ಅವರ ಸಿದ್ಧಾಂತದಲ್ಲಿ ಗಟ್ಟಿ ಉತ್ತರವಿಲ್ಲ. ಮ್ಯುಲ್ಲರ್ ಅವರ ಎಚ್ಚರಿಕೆಗೆ ತೂಕ ಬರುವುದು ಇಲ್ಲಿಯೇ.

ಇತ್ತ ಶಿಕಾರಿಪುರದಲ್ಲಿ, ಮಂಡ್ಯ ಜಿಲ್ಲೆಯ ಬೂಕನಕೆರೆಯಿಂದ ಬಂದು ಅಕ್ಕಿ ಗಿರಣಿಯ ಗುಮಾಸ್ತರಾಗಿದ್ದ ಯಡಿಯೂರಪ್ಪ ಪುರಸಭೆಯಿಂದ ಆರಂಭಿಸಿ 1983ರಲ್ಲಿ ವಿಧಾನಸಭೆ ಪ್ರವೇಶಿಸಿದರು. 1999ರ ಸೋಲನ್ನು ಬಿಟ್ಟರೆ ಆ ಕ್ಷೇತ್ರ ಅವರನ್ನು ಎಂಟು ಬಾರಿ ಆರಿಸಿದೆ. ಜನಸಂಘದ ಮೂಲದ ಪಕ್ಷವೊಂದು ಪಟ್ಟಣದ ವರ್ತಕರ ಪಕ್ಷವಾಗಿಯೇ ಉಳಿಯುವ ಸಾಧ್ಯತೆ ಇದ್ದ ಕಾಲದಲ್ಲಿ ಅವರು ಹಿಡಿದ ವಿಷಯಗಳು ಜೀತವಿಮುಕ್ತಿ ಮತ್ತು ಬಗರ್‌ಹುಕುಂ ಸಾಗುವಳಿ; ಪಾದಯಾತ್ರೆ, ಸೈಕಲ್ ಜಾಥಾ, ತಾಲ್ಲೂಕು ಕಚೇರಿಯೆದುರು ಧರಣಿ ಇವು ಅವರ ದಾರಿ. ಈ ವಿಷಯಗಳೂ ವಿಧಾನಗಳೂ ಸಮಾಜವಾದಿಗಳದ್ದು, ಮತ್ತು 1980ರಲ್ಲಿ ಇದೇ ಜಿಲ್ಲೆಯ ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಮುಂತಾದವರ ಮುಂದಾಳತ್ವದಲ್ಲಿ ಎದ್ದ ರೈತಸಂಘದ್ದು. ಹಸಿರು ಶಾಲು ಹೊದ್ದು, 2008ರಲ್ಲಿ ರೈತರ ಹೆಸರಿನಲ್ಲಿ ಪ್ರಮಾಣವಚನ ಸ್ವೀಕರಿಸಿ, 2011ರಲ್ಲಿ ಪ್ರತ್ಯೇಕ ಕೃಷಿ ಬಜೆಟ್ ಮಂಡಿಸಿದ ಯಡಿಯೂರಪ್ಪ, ಕಾಗೋಡಿನ ಆಸ್ತಿಯಲ್ಲಿ ದೊಡ್ಡ ಪಾಲನ್ನು ಸದ್ದಿಲ್ಲದೆ ತಮ್ಮ ಪಕ್ಷದ ಖಾತೆಗೆ ಬರೆಸಿಕೊಂಡರು ಎನ್ನಬಹುದು.

ಬಗರ್‌ಹುಕುಂ ಎಂದರೆ ಹುಕುಂ ಇಲ್ಲದೆ, ಅಂದರೆ ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನನ್ನು ಉಳುವುದು. ಕಾನೂನಿನ ಕಣ್ಣಿನಲ್ಲಿ ಅದು ಒತ್ತುವರಿ, ಉಳುವವನ ಕಣ್ಣಿನಲ್ಲಿ ಅಪ್ಪನ ಕಾಲದಿಂದ ಬಂದ ಹೊಲ. 1991ರಲ್ಲಿ ಭೂಕಂದಾಯ ಕಾಯ್ದೆಗೆ 94ಎ ಕಲಂ ಸೇರಿ ಫಾರಂ 50 ಬಂತು, 1990ರ ದಶಕದ ಕೊನೆಗೆ ಫಾರಂ 53, 2018ರಲ್ಲಿ ಫಾರಂ 57. ಹೀಗೆ ಅರ್ಜಿಗಳ ಸಂಖ್ಯೆ ಬದಲಾಗುತ್ತ ಬಂದರೂ ಒಂದು ವ್ಯವಸ್ಥೆ ಬದಲಾಗಲಿಲ್ಲ: ಸಕ್ರಮಗೊಳಿಸುವ ಸಮಿತಿಯ ಅಧ್ಯಕ್ಷತೆ ಕ್ಷೇತ್ರದ ಶಾಸಕನದ್ದು, ತಹಶೀಲ್ದಾರ್ ಅದರ ಕಾರ್ಯದರ್ಶಿ. ಕೊಲ್ಕತ್ತದ ಚಿಂತಕ ಪಾರ್ಥ ಚಟರ್ಜಿ ವಸಾಹತೋತ್ತರ ದೇಶಗಳ ಬಹುಸಂಖ್ಯಾತರು ಹಕ್ಕುಳ್ಳ ನಾಗರಿಕ ಸಮಾಜದಲ್ಲಿ ಬದುಕುವುದಿಲ್ಲ, ಕಾನೂನಿನ ಅಂಚಿನಲ್ಲಿ ನಿಂತು ಸಂಖ್ಯಾಬಲದಿಂದ ಸರ್ಕಾರದೊಡನೆ ಚೌಕಾಸಿ ಮಾಡುವ ರಾಜಕೀಯ ಸಮಾಜದಲ್ಲಿ ಬದುಕುತ್ತಾರೆ ಎಂದು ವಾದಿಸಿದ್ದಾರೆ. ಆ ವಾದಕ್ಕೆ ಶಿಕಾರಿಪುರ ತಾಲ್ಲೂಕು ಕಚೇರಿಯ ಕಾರಿಡಾರಿಗಿಂತ ಚೊಕ್ಕವಾದ ಪುರಾವೆ ಹುಡುಕಬೇಕಾಗಿಲ್ಲ. ಫಾರಂ 7 ಹಿಡಿದವನು ಕಾಯ್ದೆ ತನಗೆ ಕೊಟ್ಟ ಹಕ್ಕನ್ನು ಕೇಳುತ್ತಿದ್ದ. ಫಾರಂ 50 ಹಿಡಿದವನು ತನ್ನ ತಪ್ಪನ್ನು ಒಪ್ಪಿಕೊಂಡೇ ಕೃಪೆ ಕೇಳಬೇಕು, ಮತ್ತು ಕೃಪೆಗೆ ಒಂದು ಮುಖವಿರುತ್ತದೆ. ನಾಯಕನ ಹೆಸರು ಬೇಡಿಕೆಗಿಂತ ದೊಡ್ಡದಾಗುವುದು ಭಾಷಣಗಳಿಂದ ಎನ್ನುವವರು ಈ ಸಮಿತಿಯ ರಚನೆಯನ್ನು ಒಮ್ಮೆ ಓದಬೇಕು.

ಹೆಸರು ಪಕ್ಷಕ್ಕಿಂತಲೂ ದೊಡ್ಡದಾದಾಗ ಏನಾಗುತ್ತದೆ ಎಂಬುದಕ್ಕೆ ಎರಡೂ ಕ್ಷೇತ್ರಗಳ ಉತ್ತರ ಒಂದೇ. ಕಾಂಗ್ರೆಸ್ ವರಿಷ್ಠರೊಡನೆ ಕೆಟ್ಟು ಹೊರಬಂದ ಬಂಗಾರಪ್ಪ 1994ರಲ್ಲಿ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿ ಹತ್ತು ಸ್ಥಾನ ಗೆದ್ದರು; ಬಿಜೆಪಿ ವರಿಷ್ಠರೊಡನೆ ಕೆಟ್ಟು ಹೊರಬಂದ ಯಡಿಯೂರಪ್ಪ 2012ರ ಕೊನೆಗೆ ಕರ್ನಾಟಕ ಜನತಾ ಪಕ್ಷದ ಮುಂದಾಳತ್ವ ವಹಿಸಿ ಮರುವರ್ಷ ಆರು ಸ್ಥಾನ ಗೆದ್ದರು. ಇಬ್ಬರೂ ತಮ್ಮ ಹಳೆಯ ಪಕ್ಷವನ್ನು ಸೋಲಿಸಲು ಶಕ್ತರಾದರು, ತಾವು ಗೆಲ್ಲಲು ಆಗಲಿಲ್ಲ, ಇಬ್ಬರೂ ಮರಳಿದರು. 2008ರಲ್ಲಿ ಶಿಕಾರಿಪುರದಲ್ಲಿ ಇಬ್ಬರೂ ನೇರವಾಗಿ ಎದುರಾದಾಗ ಬಂಗಾರಪ್ಪ 45 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತದ್ದು, ಸೊರಬದ ಹೆಸರು ಪಕ್ಕದ ತಾಲ್ಲೂಕಿನಲ್ಲೇ ನಡೆಯಲಿಲ್ಲ ಎಂಬುದಕ್ಕೆ ಸಾಕ್ಷಿ. ಪ್ರಜಾಪ್ರಭುತ್ವದಲ್ಲಿ ಅಧಿಕಾರದ ಸ್ಥಾನ ಖಾಲಿ, ಅಲ್ಲಿ ಕೂರುವವರೆಲ್ಲ ತಾತ್ಕಾಲಿಕರು, ರಾಜನಂತೆ ಆ ಸ್ಥಾನವೇ ತಾನೆನ್ನಲು ಯಾರಿಗೂ ಬಾರದು ಎಂದು ಫ್ರಾನ್ಸಿನ ಕ್ಲೋದ್ ಲೆಫೋರ್ ಹೇಳಿದರು. ಸೊರಬದಲ್ಲಿ ಆ ಖಾಲಿ ಸ್ಥಾನಕ್ಕೆ 2004ರಲ್ಲಿ ಬಂಗಾರಪ್ಪನವರ ಇಬ್ಬರು ಮಕ್ಕಳು ಎದುರುಬದುರಾದರು: ಕುಮಾರ್ ಕಾಂಗ್ರೆಸ್ಸಿನಿಂದಲೂ ಮಧು ಬಿಜೆಪಿಯಿಂದಲೂ ನಿಂತರು, 2018ರಲ್ಲಿ ಬಿಜೆಪಿಯ ಕುಮಾರ್ ಜೆಡಿಎಸ್‌ನ ಮಧುವನ್ನು ಸೋಲಿಸಿದರು, 2023ರಲ್ಲಿ ಕಾಂಗ್ರೆಸ್ಸಿನ ಮಧು ಬಿಜೆಪಿಯ ಕುಮಾರ್‌ರನ್ನು ಸೋಲಿಸಿದರು. ಪಕ್ಷಗಳು ಅದಲುಬದಲಾದವು, ಬಂಗಾರಪ್ಪ ಎಂಬ ಹೆಸರು ಎರಡೂ ಕಡೆ ಇತ್ತು.

ಯಡಿಯೂರಪ್ಪನವರ ಸರಪಳಿಯಲ್ಲಿ ರೈತನ ಕೊಂಡಿಯ ಜೊತೆಗೆ ಲಿಂಗಾಯತ ಅಸ್ಮಿತೆಯ ಕೊಂಡಿಯೂ ಇತ್ತು, ಮತ್ತು ಅದು ಬಿಗಿಯಾದದ್ದು 2007ರ ನವೆಂಬರ್‌ನಲ್ಲಿ, ಜೆಡಿಎಸ್ ಬೆಂಬಲ ಹಿಂತೆಗೆದು ಅವರ ಮೊದಲ ಸರ್ಕಾರ ಒಂದು ವಾರದಲ್ಲಿ ಬಿದ್ದಾಗ. ಅಧಿಕಾರ ಹಂಚಿಕೆಯ ಬಗ್ಗೆ ಕೊಟ್ಟ ಮಾತಿಗೆ ಜೆಡಿಎಸ್ ತಪ್ಪಿತು ಎಂಬ ದೂರು ಒಂದು ಪಕ್ಷದ ಒಪ್ಪಂದದ ತಕರಾರಾಗಿ ಉಳಿಯದೆ ಒಂದು ಸಮುದಾಯಕ್ಕೆ ಆದ ಅವಮಾನವಾಗಿ, ಅಲ್ಲಿಂದ ರಾಜ್ಯದ ಮತದಾರನಿಗೇ ಬಗೆದ ದ್ರೋಹವಾಗಿ ಬೆಳೆದು, ಆರು ತಿಂಗಳಲ್ಲಿ ದಕ್ಷಿಣ ಭಾರತದ ಮೊದಲ ಬಿಜೆಪಿ ಸರ್ಕಾರಕ್ಕೆ ದಾರಿ ಮಾಡಿತು. ಅಲ್ಲಮನ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ತೊಗರ್ಸಿಯ ನೆರೆಯ ಊರುಗಳೇ. ಯಾವ ಗುರುತಿಗೂ ಸಿಗದಂತೆ ಮಾತಾಡಿದ ಅಲ್ಲಮ ಹುಟ್ಟಿದ ಸೀಮೆಯಲ್ಲಿ ಗುರುತಿನ ರಾಜಕಾರಣ ಇಷ್ಟು ಹುಲುಸಾಗಿ ಬೆಳೆದದ್ದು ಇತಿಹಾಸದ ಒಂದು ಕುಚೋದ್ಯ.

ಈ ಸರಪಳಿ ಯಾವ ಕೊಂಡಿಯಲ್ಲಿ ಬಿರುಕು ಬಿಟ್ಟೀತು ಎಂಬುದು 2023ರ ಮಾರ್ಚ್ 27ರಂದು ತಿಳಿಯಿತು. ಅದಕ್ಕೆ ಮೂರು ದಿನ ಮೊದಲು ಬಸವರಾಜ ಬೊಮ್ಮಾಯಿ ಸಂಪುಟ ಪರಿಶಿಷ್ಟ ಜಾತಿಗಳ ಶೇ 17ರ ಮೀಸಲಾತಿಯನ್ನು ಎಡಗೈ ಸಮುದಾಯಗಳಿಗೆ 6, ಬಲಗೈಗೆ 5.5, ಬಂಜಾರ, ಭೋವಿ, ಕೊರಚ, ಕೊರಮರಿಗೆ 4.5, ಉಳಿದವರಿಗೆ 1 ಎಂದು ಹಂಚಲು ಕೇಂದ್ರಕ್ಕೆ ಶಿಫಾರಸು ಮಾಡಿತ್ತು. ಒಳಮೀಸಲಾತಿ ಎಂದು ಕರೆಯುವ ಈ ಹಂಚಿಕೆ ದಶಕಗಳಿಂದ ಬೀದಿಯಲ್ಲಿದ್ದ ಎಡಗೈ ಗುಂಪಿನ ಮಾದಿಗ ಸಮುದಾಯದ ಬೇಡಿಕೆ. ತಾಂಡಾಗಳ ಬಂಜಾರರಿಗೆ ಅದು ಪಾಲು ಕುಗ್ಗುವ ಭಯ. ಮನವಿ ಸಲ್ಲಿಸಲು ಶಿಕಾರಿಪುರ ಪಟ್ಟಣದಲ್ಲಿ ಸೇರಿದ್ದ ಗುಂಪು ಯಡಿಯೂರಪ್ಪನವರ ಮನೆಯತ್ತ ತಿರುಗಿತು, ಕಲ್ಲುಗಳು ಬಿದ್ದು ಕಿಟಕಿಯ ಗಾಜು ಒಡೆಯಿತು, ಲಾಠಿ ಪ್ರಹಾರವಾಯಿತು, ಪಟ್ಟಣದಲ್ಲಿ ನಿಷೇಧಾಜ್ಞೆ ಬಂತು. ಅವರು ಆಗ ಮುಖ್ಯಮಂತ್ರಿಯಾಗಿರಲಿಲ್ಲ, ಹಂಚಿಕೆಯ ತೀರ್ಮಾನ ಬೆಂಗಳೂರಿನಲ್ಲಿ ಬೇರೆಯವರು ಮಾಡಿದ್ದು. ಆದರೆ ಬೇಡಿಕೆಗೆ ನಾಲ್ಕು ದಶಕ ಇದ್ದ ವಿಳಾಸ ಒಂದೇ ಆದ್ದರಿಂದ ಸಿಟ್ಟೂ ಅದೇ ವಿಳಾಸಕ್ಕೆ ಹೋಯಿತು. ಬಂಜಾರರು ತಮ್ಮನ್ನು ಬೆಂಬಲಿಸುತ್ತ ಬಂದವರು, ಅವರ ಮೇಲೆ ಕಠಿಣ ಕ್ರಮ ಬೇಡ ಎಂದು ಯಡಿಯೂರಪ್ಪ ಪೊಲೀಸರಿಗೆ ಹೇಳಿದರು. ವಿರೋಧಿಸಿದವರು ಜನರೇ ಅಲ್ಲ ಎನ್ನದ ಈ ಪ್ರತಿಕ್ರಿಯೆ ಮ್ಯುಲ್ಲರ್ ಅವರ ವ್ಯಾಖ್ಯೆಗೆ ಒಗ್ಗುವುದಿಲ್ಲ. ಯುರೋಪಿನ ಬಲಪಂಥೀಯರನ್ನು ನೋಡಿ ರೂಪಿಸಿದ ಅಚ್ಚಿಗೆ ಕರ್ನಾಟಕದ ನಾಯಕರು ಪೂರ್ತಿ ಕೂಡದಿರುವುದು ಇಂಥ ಕಡೆಗಳಲ್ಲಿ. ಇಲ್ಲಿನ ನಾಯಕ ಜನರನ್ನು ಹೊರಗಿಡುವುದಕ್ಕಿಂತ ಹೆಚ್ಚಾಗಿ ಎಲ್ಲರನ್ನೂ ತನ್ನವರೆನ್ನುತ್ತಾನೆ, ಎಲ್ಲರಿಗೂ ಬಾಕಿ ಉಳಿಸಿಕೊಳ್ಳುತ್ತಾನೆ. ಆ ಮೇ ತಿಂಗಳ ಚುನಾವಣೆಯಲ್ಲಿ ಅವರ ಮಗ ಬಿ.ವೈ. ವಿಜಯೇಂದ್ರ ಗೆದ್ದರಾದರೂ, 2018ರಲ್ಲಿ ಸುಮಾರು 35 ಸಾವಿರವಿದ್ದ ಅಂತರ ಪಕ್ಷೇತರ ಅಭ್ಯರ್ಥಿಯೊಬ್ಬರ ಎದುರು ಸುಮಾರು 11 ಸಾವಿರಕ್ಕೆ ಇಳಿಯಿತು.

ಅದೇ ಚುನಾವಣೆಯಲ್ಲಿ ಗೆದ್ದ ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳನ್ನು ಜನಪ್ರಿಯವಾದದ ಹೊಸ ಮಜಲು ಎನ್ನುವವರಿದ್ದಾರೆ. ಮುಡ್ಡೆ, ಮ್ಯುಲ್ಲರ್ ಇಬ್ಬರ ಅಳತೆಯಲ್ಲೂ ಅದು ಸರಿಯಲ್ಲ. ಅವುಗಳಲ್ಲಿ ಒಂದಾದ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಬ್ಯಾಂಕ್ ಖಾತೆಗೆ ನೇರವಾಗಿ ಬೀಳುತ್ತದೆ, ಶಾಸಕನ ಸಮಿತಿಯ ಮುಂದೆ ಯಾರೂ ನಿಲ್ಲಬೇಕಾಗಿಲ್ಲ, ಬೇಡಿಕೆ ಸರಪಳಿಯಾಗುವ ಮೊದಲೇ ಬಿಡಿಯಾಗಿ ಇತ್ಯರ್ಥವಾಗುತ್ತದೆ. ಲಕ್ಲಾವ್ ಇದನ್ನು ಜನಪ್ರಿಯವಾದದ ವಿರುದ್ಧಪದವಾದ ಆಡಳಿತ ಎಂದೇ ವರ್ಗೀಕರಿಸುತ್ತಿದ್ದರು.

ಒಳಮೀಸಲಾತಿಯ ಕಥೆ ಮುಂದುವರಿಯಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಗಳ ಒಳವಿಂಗಡಣೆಗೆ ರಾಜ್ಯಗಳಿಗೆ ಅಧಿಕಾರವಿದೆ ಎಂದ ಮೇಲೆ, ನ್ಯಾಯಮೂರ್ತಿ ಎಚ್.ಎನ್. ನಾಗಮೋಹನದಾಸ್ ಆಯೋಗ ಮನೆಮನೆ ಸಮೀಕ್ಷೆ ನಡೆಸಿ ಐದು ಗುಂಪುಗಳನ್ನು ಸೂಚಿಸಿತು. ಅದರಲ್ಲಿ ತೀರಾ ಹಿಂದುಳಿದ 59 ಅಲೆಮಾರಿ ಮತ್ತು ಸಣ್ಣ ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1 ಇತ್ತು. 2025ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಅದನ್ನು ಎಡಗೈಗೆ 6, ಬಲಗೈಗೆ 6, ಉಳಿದವರಿಗೆಲ್ಲ ಸೇರಿ 5 ಎಂದು ಮೂರಕ್ಕೆ ಇಳಿಸಿದಾಗ, ಆ ಪ್ರತ್ಯೇಕ ಒಂದು ಶೇಕಡ ಕರಗಿ, ಅಲೆಮಾರಿಗಳು ಬಂಜಾರ, ಭೋವಿ, ಕೊರಚ, ಕೊರಮರ ಜೊತೆಗೆ ಒಂದೇ ಗುಂಪಿನಲ್ಲಿ ಪೈಪೋಟಿ ನಡೆಸಬೇಕಾಯಿತು. ಊರಿಂದೂರಿಗೆ ಹೋಗುವ ಈ ಸಮುದಾಯಗಳಿಗೆ ಯಾವ ಕ್ಷೇತ್ರದಲ್ಲೂ ಗೆಲುವು ಸೋಲನ್ನು ತಿರುಗಿಸುವ ಸಂಖ್ಯೆಯಿಲ್ಲ, ವಿಧಾನಸಭೆಯಲ್ಲಿ ಅವರದೆಂಬ ಹೆಸರಿಲ್ಲ, ಕೊಳಗದ ಜಗಳ ಮಾಡಲು ಗೇಣಿ ಹೊಲವಾಗಲಿ ಫಾರಂ 57ರಲ್ಲಿ ಬರೆಯಲು ಸರ್ವೆ ನಂಬರಾಗಲಿ ಬಹುಪಾಲು ಕುಟುಂಬಗಳಿಗೆ ಇಲ್ಲ. ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕುಳಿತು ಆ ಒಂದು ಶೇಕಡವನ್ನು ವಾಪಸು ಕೇಳಿದರು.